ನಾಲ್ಕನೇ ನಂಬರಿನ ಚೀಟಿ

ಡ್ರೈವರ್ ಅಣ್ಣನಿಗೆ,

ಕತ್ತರಿಯ ನಮಸ್ಕಾರಗಳು. ನಮ್ಮ ಫೋಟೋ ಬಳಗದವರು ನನ್ನನ್ನು ಎದುರಿಗೆ ಮೇಡಂ ಎಂದೂ ಬೆನ್ನ ಹಿಂದೆ ಕತ್ತರಿ ಎಂದೂ ಕರೆಯುತ್ತಾರೆಂಬುದು ನನಗೆ ಎಂದೋ ಗೊತ್ತಿತ್ತು. ಇಷ್ಟು ದಿನ ಅದನ್ನು ಹೊಗಳಿಕೆ ಅಂದುಕೊಂಡು ಒಳಗೊಳಗೇ ಬೀಗುತ್ತಿದ್ದೆ. ಕಳೆದ ಭಾನುವಾರದಿಂದ ಹಾಗೆ ಅನ್ನಿಸುತ್ತಿಲ್ಲ.

ಇವತ್ತು ಬುಧವಾರ. ಸ್ಟುಡಿಯೋದಲ್ಲಿ ಕೂತು ಬರೆಯುತ್ತಿದ್ದೇನೆ. ಕೂತು ಅಂದೆನೇ ಹೊರತು, ಕೂತಲ್ಲಿ ಕೂರಲಾಗುತ್ತಿಲ್ಲ. ನಾಲ್ಕು ಸಾಲು ಬರೆಯುವುದು, ಎದ್ದು ಬಾಗಿಲಿಗೆ ಹೋಗುವುದು, ಸರಿಯಾಗಿಯೇ ಇರುವ ಬಿಳಿ ಪರದೆಯನ್ನು ಮತ್ತೆ ಸರಿಮಾಡುವುದು. ನಿಮಗೆ ಹನ್ನೊಂದು ಸಲ ಫೋನ್ ಮಾಡಿದೆ. ರಿಂಗ್ ಆಗಿ ಆಗಿ ಸುಮ್ಮನಾಗುತ್ತದೆ. ವಿಳಾಸ ಬಳಗದ ರಿಜಿಸ್ಟರಿನಲ್ಲಿತ್ತು, ಬಂದು ಬಾಗಿಲು ತಟ್ಟಬಹುದಿತ್ತು. ಆದರೆ ಎದುರಿಗೆ ನಿಂತರೆ ನಾನು ಮತ್ತೆ ಮಾತಿನಲ್ಲೇ ಗೆದ್ದುಬಿಡುತ್ತೇನೆ ಅಂತ ಭಯ. ನನ್ನ ಬಾಯಿ ನಿಮಗೆ ಗೊತ್ತೇ ಇದೆ.

ಸುತ್ತಿ ಬಳಸಿ ಹೇಳುವುದಿಲ್ಲ. ನಿಮ್ಮ ಹತ್ತಿರ ನಮ್ಮ ಬಳಗದ ಒಂದು ಚೀಟಿ ಇದೆ, ನಾಲ್ಕನೇ ನಂಬರಿನದು. ಅದು ನನಗೆ ಈ ಭಾನುವಾರ ಬೆಳಗ್ಗೆ ಹತ್ತರೊಳಗೆ ಬೇಕು. ಯಾಕೆ ಬೇಕು ಅಂತ ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಇದನ್ನು ಹರಿದು ಎಸೆಯುವ ಮನಸ್ಸಾದರೆ ಪೂರ್ತಿ ಓದಿ ಎಸೆಯಿರಿ.

ಕನ್ನಡಕದಂಗಡಿಯ ಮಹಡಿಯ ಮೇಲೆ ನಮ್ಮ ಬಳಗ ಸೇರುವ ಆ ಕೋಣೆಗೆ ನೀವು ಮೊದಲ ಸಲ ಬಂದಾಗ ಗೋಡೆಯ ಮೇಲೆ ಕಣ್ಣು ಪರೀಕ್ಷೆಯ ಅಕ್ಷರಗಳಿದ್ದವಲ್ಲ, ನೀವು ಬಾಗಿಲಲ್ಲೇ ನಿಂತು ಕೊನೆಯ ಸಾಲಿನವರೆಗೂ ಓದಿ, "ಡ್ರೈವರ್ ಕಣ್ಣು, ಇನ್ನೂ ಪರವಾಗಿಲ್ಲ" ಅಂದಿರಿ. ಎಲ್ಲರೂ ನಕ್ಕರು. ಬಳಗ ನಡೆಸುವ ಮೇಷ್ಟ್ರು ನಿಮಗೆ ನಮ್ಮ ಪದ್ಧತಿ ವಿವರಿಸಿದರು. ಬಾಗಿಲ ಬಳಿಯ ಡಬ್ಬಿಯಿಂದ ಒಂದು ನಂಬರಿನ ಚೀಟಿ ಎತ್ತಿಕೊಂಡು ಫೋಟೋಕ್ಕೆ ಕ್ಲಿಪ್ ಹಾಕಿ ಮೇಜಿನ ಮೇಲಿಡಬೇಕು. ಯಾರದು ಎಂದು ಹೇಳುವಂತಿಲ್ಲ. ಮೊದಲು ಚೆನ್ನಾಗಿರುವುದನ್ನು ಹೇಳಬೇಕು, ಆಮೇಲೆ ಸಡಿಲಾಗಿರುವುದನ್ನು. ಎಲ್ಲರ ಮಾತು ಮುಗಿಯುವವರೆಗೂ ತೆಗೆದವರು ತುಟಿ ಬಿಚ್ಚಬಾರದು. ಕೊನೆಗೆ ಮೇಷ್ಟ್ರು, ತೆಗೆದವರು ಏನಾದರೂ ಹೇಳುತ್ತೀರಾ ಎಂದು ಕೇಳುತ್ತಾರೆ. ಆಗಷ್ಟೇ ಅವರ ಸರದಿ. ಎಷ್ಟು ಒಳ್ಳೆಯ ಪದ್ಧತಿ ನೋಡಿ. ಅದರ ಮರೆಯಲ್ಲಿ ನಿಂತು ಎಷ್ಟು ಕೆಟ್ಟ ಕೆಲಸ ಮಾಡಬಹುದು ಎಂಬುದನ್ನು ನಾನು ತೋರಿಸಿಕೊಟ್ಟೆ.

ಯಾರೋ ಬಂದರು. ಬರುತ್ತೇನೆ, ಇರಿ.

ಹೋದರು. ವೀಸಾಕ್ಕೆ ಆರು ಪ್ರತಿ. ಕಿವಿ ಎರಡೂ ಕಾಣಬೇಕು, ನಗಬಾರದು, ಭುಜದ ಕೆಳಗೆ ಏನೂ ಬೇಡ. ಹತ್ತೊಂಬತ್ತು ವರ್ಷದಿಂದ ದಿನಕ್ಕೆ ಮೂವತ್ತು ಮುಖಗಳನ್ನು ಹೀಗೆ ಕತ್ತರಿಸಿ ಕೊಡುತ್ತಿದ್ದೇನೆ. ಕೈ ಅಭ್ಯಾಸ ಬಿಡುತ್ತದೆಯೇ? ಬಡಗಿಯ ಮೂಲೆಮಟ್ಟದ ಆಕಾರದ ಆ ಎರಡು ಕರಿ ರಟ್ಟು ಸದಾ ನನ್ನ ಚೀಲದಲ್ಲಿರುತ್ತಿದ್ದವು. ಯಾರ ಫೋಟೋ ಆದರೂ ಅದರ ಮೇಲೆ ರಟ್ಟುಗಳನ್ನಿಟ್ಟು, ಇಲ್ಲಿಂದ ಇಲ್ಲಿಗೆ ಸಾಕು, ಉಳಿದದ್ದು ಕಸ ಅನ್ನುತ್ತಿದ್ದೆ. ಮುಕ್ಕಾಲುಪಾಲು ಸಲ ನಾನು ಹೇಳಿದ್ದು ಸರಿಯೇ ಇರುತ್ತಿತ್ತು, ಅದನ್ನೂ ಹೇಳಿಬಿಡುತ್ತೇನೆ. ತಪ್ಪು ಒಪ್ಪಿಕೊಳ್ಳುವಾಗಲೂ ನನ್ನ ಜಂಭ ಸಾಯುವುದಿಲ್ಲ.

ಈಗ ನಿಮಗೆ ತಿಳಿಯದ ಸಂಗತಿ. ನೀವು ಬಸ್ಸಿನ ಫೋಟೋ ತಂದದ್ದಕ್ಕೆ ಹಿಂದಿನ ಭಾನುವಾರ ಮೇಜಿನ ಮೇಲೆ ಕಿಟಕಿಯ ಬಳಿ ಕೂತ ಹುಡುಗಿಯ ಫೋಟೋ ಒಂದಿತ್ತು, ನೆನಪಿದೆಯಾ? ಅವಳು ನನ್ನ ತಂಗಿ. ಅವಳನ್ನು ಮೂರು ದಿನ ಬೆಳಗ್ಗೆ ಆ ಕಿಟಕಿಯಲ್ಲಿ ಕೂರಿಸಿ ತೆಗೆದದ್ದು. ಎಲ್ಲರೂ ಬೆಳಕನ್ನು ಹೊಗಳಿದರು. ನಿಮ್ಮ ಸರದಿ ಬಂದಾಗ ನೀವು ತುಂಬಾ ಹೊತ್ತು ನೋಡಿ, "ಹುಡುಗಿ ಚೆನ್ನಾಗಿದ್ದಾಳೆ. ಆದ್ರೆ ಫೋಟೋ ತೆಗೆದವ್ರಿಗೆ ಹೆದರಿಕೊಂಡಿದ್ದಾಳೆ ಅನ್ಸುತ್ತೆ" ಅಂದಿರಿ. ಅದು ನನ್ನದೆಂದು ನಿಮಗೆ ಗೊತ್ತಿರಲಿಲ್ಲ. ನಾನು ಪದ್ಧತಿಯಂತೆ ಬಾಯಿ ಮುಚ್ಚಿ ಕೂತಿದ್ದೆ, ಕಿವಿಯವರೆಗೂ ಬಿಸಿಯಾಗಿತ್ತು. ಮನೆಗೆ ಹೋಗಿ ತಂಗಿಗೆ ಫೋಟೋ ತೋರಿಸಿ, ನೋಡೇ, ಯಾರೋ ಹೀಗಂದರು ಅಂದೆ. ಅವಳು ನಗುತ್ತಾ, "ಹೆದರದೆ ಇನ್ನೇನು ಅಕ್ಕ, ಉಸಿರು ಬಿಡ್ಬೇಡ ಅಂತ ನೀನೇ ಹೇಳಿದ್ದೆಯಲ್ಲ" ಅಂದಳು. ನೀವು ಹೇಳಿದ್ದು ನಿಜವಾಗಿತ್ತು ಎಂಬುದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

ಮುಂದಿನ ಭಾನುವಾರ ನಿಮ್ಮ ಫೋಟೋ ಬಂತು. ಖಾಲಿ ಬಸ್ಸಿನ ಒಳಗು, ಸಾಲು ಸಾಲು ಸೀಟು, ಹಿಂದಿನ ಗಾಜಿನಿಂದ ಬಿದ್ದ ಸಂಜೆ ಬಿಸಿಲು. ಎಡ ಅಂಚಿನಲ್ಲಿ ಕಂಬ ಹಿಡಿದ ಒಂದು ಕೈ, ಕೈ ಮಾತ್ರ. ಕಿರುಬೆರಳು ಉಳಿದ ಬೆರಳುಗಳ ಜೊತೆ ಮಡಚಿಕೊಳ್ಳದೆ ಸೆಟೆದು ನಿಂತಿತ್ತು. ಬಸ್ಸು ಅಂದ ಮೇಲೆ ಫೋಟೋ ಯಾರದೆಂದು ಊಹಿಸಲು ಪಂಚಾಂಗ ನೋಡಬೇಕೇ? ಆ ದಿನ ನಾನು ಚಿತ್ರ ನೋಡಲಿಲ್ಲ ಅಣ್ಣ, ನಿಮ್ಮನ್ನು ನೋಡಿದೆ. ರಟ್ಟು ಇಟ್ಟೆ. ಆ ಬೆರಳಿಗೆ ಕಣ್ಣು ಸಿಕ್ಕಿಹಾಕಿಕೊಳ್ಳುತ್ತದೆ, ಸೀಟುಗಳ ಕಡೆಗೆ ಹೋಗುವುದೇ ಇಲ್ಲ, ಎಡಗಡೆ ಎರಡು ಬೆರಳಗಲ ತೆಗೆದರೆ ಇದು ಎಲ್ಲೋ ಹೋಗಿಬಿಡುತ್ತದೆ ಎಂದು ಅರ್ಧ ಗಂಟೆ ಭಾಷಣ ಮಾಡಿದೆ. ಎಲ್ಲರೂ ತಲೆಯಾಡಿಸಿದರು. ಕಣ್ಣು ಸಿಕ್ಕಿಹಾಕಿಕೊಳ್ಳುವ ಜಾಗವೇ ಚಿತ್ರದ ಜೀವ ಅಂತ ಹೊಸಬರಿಗೆ ಪಾಠ ಹೇಳುವವಳೂ ನಾನೇ. ಅದು ಆ ಹೊತ್ತಿಗೆ ಹೊಳೆಯಲಿಲ್ಲ, ಹೊಳೆಯಲು ನಾನು ಬಿಡಲಿಲ್ಲ.

ಮೇಷ್ಟ್ರು ನಿಮ್ಮನ್ನು ಕೇಳಿದರು. ನೀವು, "ಆ ಕೈ..." ಅಂತ ಶುರುಮಾಡಿದಿರಿ. ನಾನು, "ಆ ಕೈನೇ ಅಣ್ಣ ತೊಂದರೆ, ಕೊಡಿ ಇಲ್ಲಿ" ಅಂದು ಫೋಟೋ ಎತ್ತಿಕೊಂಡು ಹೋಗಿ ಮೂಲೆಯಲ್ಲಿದ್ದ, ಕಾಗದ ಕತ್ತರಿಸುವ ಕಟರಿನ ಮೇಲಿಟ್ಟು ಹಿಡಿ ಒತ್ತಿಬಿಟ್ಟೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನೆಗೆಟಿವ್ ಇದೆಯಾ ಎಂದು ಕೇಳಲಿಲ್ಲ. ಕ್ಯಾಮೆರಾ ಹಿಡಿದವರು ಮೊದಲು ಕೇಳುವ ಪ್ರಶ್ನೆ ಅದು. ನೆಗೆಟಿವ್‌ಗೆ ಬೂಷ್ಟು ಹಿಡಿದು ಎಸೆದಾಗಿತ್ತು, ಉಳಿದದ್ದು ಆ ಒಂದೇ ಪ್ರತಿ ಎಂದು ನೀವು ಮೊದಲೇ ಮೇಷ್ಟ್ರಿಗೆ ಹೇಳಿದ್ದಿರಂತೆ. ಅವರಿಗೆ ಅದು ನೆನಪಾದದ್ದು ಮೊನ್ನೆ. ಕತ್ತರಿಸಿದ ಮೇಲೆ ಎಲ್ಲರೂ ಆಹಾ ಅಂದರು, ಯಾರೋ ಚಪ್ಪಾಳೆಯನ್ನೂ ತಟ್ಟಿದರು. ನೀವು "ಸರಿ ಬಿಡಿ ಅಮ್ಮ" ಅಂದಿರಿ. ಟೀ ಲೋಟ ತೊಳೆದಿಟ್ಟು, ಫೋಟೋ ಮೇಜಿನ ಮೇಲೇ ಬಿಟ್ಟು ಹೋದಿರಿ. ವಾರ್ಷಿಕ ಪ್ರದರ್ಶನಕ್ಕೆ ಕೊಟ್ಟು ಹೋಗಿದ್ದಾರೆ ಎಂದು ನಾನೇ ಎಲ್ಲರಿಗೂ ಅರ್ಥ ಹೇಳಿದೆ.

ಹಾಗೆ ಕತ್ತರಿಸಿದ ಪಟ್ಟಿಗಳು ಎಲ್ಲಿಗೆ ಹೋಗುತ್ತವೆ ಎಂಬುದು ನಿಮಗೆ ಗೊತ್ತಿರಲಿಲ್ಲ. ಕಟರಿನ ಕೆಳಗಿನ ಪೆಟ್ಟಿಗೆಯಲ್ಲಿ ಬೀಳುತ್ತವೆ. ನಂಬರಿನ ಚೀಟಿಗಳು ಹಳತಾದಾಗ ಆ ಪಟ್ಟಿಗಳನ್ನೇ ತುಂಡು ಮಾಡಿ, ಬೆನ್ನ ಬಿಳಿ ಬದಿಯಲ್ಲಿ ಹೊಸ ನಂಬರ್ ಬರೆಯುತ್ತೇವೆ. ಬರೆಯುವವಳು ನಾನೇ; ಆ ವಾರವೂ ಮುಂಬದಿ ನೋಡದೆ ಬರೆದಿಟ್ಟಿದ್ದೆ. ಅದರ ಮುಂದಿನ ಭಾನುವಾರ ನೀವು ಡಬ್ಬಿಗೆ ಕೈ ಹಾಕಿ ಒಂದು ಚೀಟಿ ಎತ್ತಿದಿರಿ. ತಿರುಗಿಸಿ ನೋಡಿದಿರಿ. ಜೇಬಿಗೆ ಇಟ್ಟುಕೊಂಡಿರಿ. ತಂದ ಫೋಟೋದ ಲಕೋಟೆಯನ್ನು ಬಿಚ್ಚದೆ ಮೆಟ್ಟಿಲಿಳಿದು ಹೋದಿರಿ. ನಾನು ಮೆಟ್ಟಿಲ ಮೇಲಿಂದ ಕೂಗಿದ್ದು, ನನ್ನ ದರಿದ್ರ ಬಾಯಿಗೆ ಬೆಂಕಿ ಬೀಳ, "ಅಣ್ಣಾ, ಚೀಟಿ ಇಟ್ಟು ಹೋಗಿ, ನಂಬರ್ ಕಡಿಮೆ ಬೀಳುತ್ತೆ" ಅಂತ. ನೀವು ತಿರುಗಲಿಲ್ಲ. ಇಷ್ಟಕ್ಕೆಲ್ಲ ಮುನಿಸಿಕೊಂಡರೆ ಕಲಿಯುವುದು ಹೇಗೆ ಎಂದು ನಾನು ಒಳಗೆ ಬಂದು ಎಲ್ಲರೆದುರು ಅಂದೆ. ಎರಡು ತಿಂಗಳಾಯಿತು.

ಕಳೆದ ಭಾನುವಾರ ಲೈಬ್ರರಿಯ ಪಡಸಾಲೆಯಲ್ಲಿ ನಮ್ಮ ಪ್ರದರ್ಶನ ಶುರುವಾಯಿತು. ನಿಮ್ಮ ಬಸ್ಸು ಬಾಗಿಲಿಗೆ ಎದುರಿಗೇ ಇದೆ, ಒಳ್ಳೆಯ ಫ್ರೇಮು. ಅಭಿಪ್ರಾಯದ ಪುಸ್ತಕದ ಬಳಿ ನನ್ನನ್ನು ಕೂರಿಸಿದ್ದರು. ಹನ್ನೊಂದರ ಸುಮಾರಿಗೆ ವಯಸ್ಸಾದ ಹೆಂಗಸೊಬ್ಬರು ಬಂದರು. ಬೇರೆ ಯಾವುದನ್ನೂ ನೋಡದೆ ನಿಮ್ಮ ಚಿತ್ರದ ಮುಂದೆ ನಿಂತರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡರು. ಹತ್ತಿರ ಹೋದರು, ದೂರ ಬಂದರು. ಆಮೇಲೆ ನನ್ನ ಹತ್ತಿರ ಬಂದು ತುಂಬಾ ಸಂಕೋಚದಿಂದ ಕೇಳಿದರು.

"ಇದರಲ್ಲಿ ನಮ್ಮನೆಯವ್ರ ಕೈ ಇದೆ ಅಂತ ಡ್ರೈವರಣ್ಣ ಮುಂಚೆ ಒಂದ್ಸಲ ಹೇಳಿದ್ರು. ನನ್ನ ಕಣ್ಣಿಗೆ ಕಾಣ್ತಿಲ್ಲ. ಸ್ವಲ್ಪ ತೋರಿಸ್ತೀರಾ ಅಮ್ಮ?"

ತನ್ನ ಕಣ್ಣಿನದೇ ತಪ್ಪು ಅಂದುಕೊಂಡಿದ್ದರು ಅವರು. ನಾನು ಕುರ್ಚಿಯಿಂದ ಎದ್ದವಳು ಮತ್ತೆ ಕೂತೆ. ಅವರೇ ಹೇಳುತ್ತಾ ಹೋದರು. ತೀರಿಕೊಂಡ ಅವರ ಯಜಮಾನರು ನಿಮ್ಮ ಜೊತೆ ಇಪ್ಪತ್ತೆರಡು ವರ್ಷ ಅದೇ ಬಸ್ಸಿನಲ್ಲಿ ಕಂಡಕ್ಟರಾಗಿದ್ದರಂತೆ. ಕ್ಯಾಮೆರಾ ಕಂಡರೆ ಕಂಬದ ಹಿಂದೆ ಸರಿಯುವ ಮನುಷ್ಯನಂತೆ. ಬಸ್ಸಿನ ಬಾಗಿಲಿಗೆ ಸಿಕ್ಕಿ ಕಿರುಬೆರಳು ಸೆಟೆದುಹೋಗಿತ್ತಂತೆ. "ಮನೇಲಿರೋದು ಕೆಲಸದ ಕಾರ್ಡಿನ ಫೋಟೋ, ಅದರಲ್ಲಿ ಬರೀ ಮುಖ. ದಿನಾ ಬೆಳಗ್ಗೆ ಅವ್ರ ತೋಳಿನ ಗುಂಡಿ ನಾನೇ ಹಾಕ್ತಿದ್ದೆ, ಆ ಬೆರಳಿಗೆ ಆಗ್ತಿರ್ಲಿಲ್ಲ. ಆ ಕೈ ಒಂದ್ಸಲ ನೋಡೋಣ ಅಂತ ಬಂದೆ" ಅಂದರು.

ಆಗ ನಾನು ಸುಳ್ಳು ಹೇಳಿದೆ. ದೊಡ್ಡ ಪ್ರತಿ ಬೇರೆ ಇದೆ, ಫ್ರೇಮಿಗೆ ಕೊಟ್ಟಿದ್ದೇವೆ, ಮುಂದಿನ ಭಾನುವಾರ ಕೊನೆಯ ದಿನ ಹತ್ತು ಗಂಟೆಗೆ ಬನ್ನಿ, ತೋರಿಸುತ್ತೇನೆ ಅಂದೆ. ಅವರು ನನ್ನ ಕೈ ಹಿಡಿದುಕೊಂಡು ಥ್ಯಾಂಕ್ಸ್ ಹೇಳಿ ಹೋದರು.

ನೇರವಾಗಿ ಕನ್ನಡಕದಂಗಡಿಗೆ ಓಡಿದೆ. ಪೆಟ್ಟಿಗೆ ಬೋರಲು ಹಾಕಿದೆ, ನಿಮ್ಮ ಪಟ್ಟಿ ಇರಲಿಲ್ಲ. ಆಮೇಲೆ ಡಬ್ಬಿ ನೆನಪಾಯಿತು. ಚೀಟಿಗಳನ್ನೆಲ್ಲ ಮೇಜಿನ ಮೇಲೆ ಸುರಿದು ಒಂದೊಂದಾಗಿ ತಿರುಗಿಸಿದೆ. ಒಂದನೇ ನಂಬರಿನ ಹಿಂದೆ ಬಸ್ಸಿನ ಚಾವಣಿ. ಎರಡರ ಹಿಂದೆ ಕಿಟಕಿಯ ಅಂಚು. ಮೂರರಲ್ಲಿ ಬರೀ ಕಂಬ. ಐದರಲ್ಲಿ ಅಂಗಿಯ ತೋಳು, ತೋಳಿನ ತುದಿಯಲ್ಲಿ ಆ ಗುಂಡಿ, ಸರಿಯಾಗಿ ಹಾಕಿದ ಗುಂಡಿ. ಎರಡು ತಿಂಗಳು ನಾವೆಲ್ಲ ಅವನ್ನು ಫೋಟೋಗಳಿಗೆ ಸಿಕ್ಕಿಸಿ, ಒಬ್ಬರಿಗೊಬ್ಬರು ಬುದ್ಧಿ ಹೇಳಿಕೊಂಡಿದ್ದೇವೆ. ನಾಲ್ಕನೆಯದು ಮಾತ್ರ ಇರಲಿಲ್ಲ. ನೀವು ಅದನ್ನು ತಿರುಗಿಸಿ ನೋಡಿದ್ದು ಆಗ ನೆನಪಾಯಿತು. ಮೆಟ್ಟಿಲ ಮೇಲಿಂದ ನಾನು ಕೂಗಿದ್ದೂ ನೆನಪಾಯಿತು. ಅಲ್ಲೇ ನೆಲದ ಮೇಲೆ ಕೂತು ಅತ್ತೆ. ನನ್ನ ಹಿಂದೆಯೇ ಬಂದಿದ್ದ ಮೇಷ್ಟ್ರು, ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಅಂದರು. ಅವರ ಮೇಲೂ ರೇಗಿದೆ.

ಉಳಿದ ನಾಲ್ಕು ಚೀಟಿಗಳನ್ನೂ ಬೂದು ರಟ್ಟಿನ ಮೇಲೆ ಸರಿಯಾಗಿ ಜೋಡಿಸಿಟ್ಟಿದ್ದೇನೆ, ನಡುವೆ ಹೆಬ್ಬೆರಳಗಲ ಜಾಗ ಖಾಲಿ. ಪಕ್ಕದಲ್ಲಿ ಪ್ರದರ್ಶನದಲ್ಲಿರುವ ನಿಮ್ಮ ಚಿತ್ರ ಕೂಡಿಸಿ ಪುನಃ ಫೋಟೋ ತೆಗೆದು ಹೊಸ ಪ್ರತಿ ಮಾಡಬಲ್ಲೆ. ಕ್ಲಿಪ್ಪಿನ ಗೀರು, ಕತ್ತರಿಸಿದ ಗೆರೆ ಕಾಣುತ್ತವೆ. ತಿದ್ದಿ ಮುಚ್ಚುವುದು ನನಗೆ ಬರುತ್ತದೆ, ಆದರೆ ಮುಚ್ಚುವುದಿಲ್ಲ. ಒಂದು ಅವರಿಗೆ, ಒಂದು ನಿಮಗೆ.

ಈ ಲಕೋಟೆಯಲ್ಲಿ ನನ್ನ ಎರಡು ಕರಿ ರಟ್ಟುಗಳಿವೆ. ಇನ್ನು ಅವು ನಿಮ್ಮ ಹತ್ತಿರವೇ ಇರಲಿ. ತಂಗಿಯ ಹೊಸ ಫೋಟೋ ಒಂದೂ ಇದೆ, ಸೋಮವಾರ ಬೆಳಗ್ಗೆ ತೆಗೆದದ್ದು. ಈ ಸಲ ಅವಳಿಗೆ ನಾನು ಏನೂ ಹೇಳಲಿಲ್ಲ. ಹೆದರಿಕೆ ಹೋಗಿದೆಯಾ ನೋಡಿ ಹೇಳಿ. ನನ್ನ ಕಣ್ಣನ್ನು ನಾನು ಸದ್ಯಕ್ಕೆ ನಂಬುತ್ತಿಲ್ಲ. ನನ್ನ ವಿಳಾಸ ಬರೆದ ಖಾಲಿ ಲಕೋಟೆಯನ್ನೂ ಇಟ್ಟಿದ್ದೇನೆ. ಬರಲು ಮನಸ್ಸಿಲ್ಲದಿದ್ದರೆ ಚೀಟಿಯೊಂದನ್ನೇ ಕಳಿಸಿ, ಅಷ್ಟೇ ಸಾಕು. ಸಾಕು ಅಂತ ಬರೆದೆ, ಅದೂ ಸುಳ್ಳೇ. ನೀವು ಬರಬೇಕು.

ಚೀಟಿ ಬರಲಿ, ಬಾರದಿರಲಿ, ಭಾನುವಾರ ಹತ್ತು ಗಂಟೆಗೆ ಆ ಅಮ್ಮನ ಮುಂದೆ ನಿಂತು ಕತ್ತರಿಸಿದವಳು ನಾನೇ ಎಂದು ಹೇಳುತ್ತೇನೆ. ಅವರ ಕಣ್ಣಿನಲ್ಲಿ ಏನೂ ತೊಂದರೆ ಇಲ್ಲ ಎಂದೂ ಹೇಳಬೇಕು. ಅವರಿನ್ನೂ ಹಾಗೇ ಅಂದುಕೊಂಡಿರುತ್ತಾರೆ ಎಂಬುದೇ ನನ್ನನ್ನು ತಿನ್ನುತ್ತಿದೆ.

ಬಾಗಿಲಲ್ಲಿ ಮತ್ತೆ ಯಾರೋ ನಿಂತಿದ್ದಾರೆ. ಅಂಚೆ ಹೋಗುವ ಹೊತ್ತೂ ಆಯಿತು. ನಿಮ್ಮ ಆರೋಗ್ಯ ಚೆನ್ನಾಗಿರಲಿ, ಆ ಡ್ರೈವರ್ ಕಣ್ಣು ಕೊನೆಯ ಸಾಲಿನವರೆಗೂ ಹೀಗೇ ಓದುತ್ತಿರಲಿ. ಅಣ್ಣ, ಆವತ್ತು ನೀವು "ಆ ಕೈ..." ಎಂದು ಶುರುಮಾಡಿದ ಮಾತು ಅಲ್ಲೇ ನಿಂತಿದೆ. ಅಲ್ಲಿಂದಲೇ ಮುಂದುವರಿಸಿ. ಎಷ್ಟು ಹೊತ್ತಾದರೂ ಹೇಳಿ, ನಾನು ತುಟಿ ಬಿಚ್ಚುವುದಿಲ್ಲ.

ನಿಮ್ಮ ಸರದಿಗಾಗಿ ಕಾಯುತ್ತಿರುವ,
ಕತ್ತರಿ