ಅವಳು ಓಡಿ ಬರದಿದ್ದುದಕ್ಕೆ

ಅಮ್ಮಾ,

ಮೋಕ್ಷಾ ಇವತ್ತು ಬಾಯಿಬಿಟ್ಟಳು. ಹದಿನಾಲ್ಕನೇ ವಯಸ್ಸಿನಲ್ಲಿ ಅಪಹರಣವಾದ ನನ್ನ ತಂಗಿ ಹನ್ನೊಂದು ತಿಂಗಳ ನಂತರ ಪೊಲೀಸರ ಜೊತೆ ಮನೆಗೆ ಬಂದಾಗ ನೀನು ಅವಳನ್ನು ತಬ್ಬಿಕೊಂಡು ಕೇಳಿದ್ದೆ: "ಅವ ನಿನ್ನನ್ನು ಒಬ್ಬಳನ್ನೇ ಅಂಗಡಿಗೆ ಕಳಿಸ್ತಿದ್ದನಂತೆ. ಓಡಿ ಬರ್ಲಿಕ್ಕೆ ಎಂತ ಆಗಿತ್ತು?" ನೀನು ತೀರಿಹೋಗುವ ತನಕವೂ ಅವಳು ಉತ್ತರಿಸಲಿಲ್ಲ.

ಈ ಸಂಜೆ ಬಿಜೈಯಲ್ಲಿ ನಾವಿಬ್ಬರೂ ಬಸ್ಸಿಗೆ ಕಾಯುವಾಗ ನನಗೆ ತಡೆಯಲಾಗಲಿಲ್ಲ. ತಪ್ಪು ಹುಡುಕಲು ಅಲ್ಲ, ತಿಳಿಯುವ ಆಸೆಯಿಂದ ಕೇಳಿದೆ: "ಅಂಗಡಿಗೆ ಹೋಗುವಾಗ ನಿನ್ನ ತಲೆಯಲ್ಲಿ ಎಂತ ಇರ್ತಿತ್ತು?"

"ಅಮ್ಮ," ಎಂದಳು. "ಅಮ್ಮ ನಮ್ಮ ಗೇಟು ತೆಗೆಯುವ ಫೋಟೋ ಅವನ ಮೊಬೈಲಲ್ಲಿ ಇತ್ತು ಅಕ್ಕ. ನಾನು ತಪ್ಪಿಸಿಕೊಂಡ್ರೆ ಅಮ್ಮನನ್ನು ಕೊಲ್ತೇನೆ ಅಂತ ದಿನಾ ತೋರಿಸ್ತಿದ್ದ. ಒಮ್ಮೆ ಅಂಗಡಿಯಲ್ಲಿ ಪೊಲೀಸ್ ನನ್ನ ಪಕ್ಕದಲ್ಲೇ ನಿಂತಿದ್ರು. ತಡ ಆದ್ರೆ ಅಮ್ಮನಿಗೆ ಎಂತಾದ್ರೂ ಮಾಡ್ತಾನೆ ಅಂತ ಬೇಗ ಬೇಗ ವಾಪಸ್ ಹೋದೆ."

"ಮತ್ತೆ ಅಮ್ಮನಿಗೆ ಯಾಕೆ ಹೇಳಲಿಲ್ಲ?"

"ಅಮ್ಮನಿಗೋಸ್ಕರ ಉಳಿದದ್ದು ಅಂತ ಗೊತ್ತಾದ್ರೆ ಅಮ್ಮನಿಗೆ ನೋವಾಗ್ತಿತ್ತಲ್ಲ."

ಬಸ್ಸು ಬಂತು. ಅವಳು ಕಿಟಕಿ ಬದಿಯ ಸೀಟನ್ನು ನನಗೆ ಬಿಟ್ಟುಕೊಟ್ಟಳು. ಅವಳು ಮನಸ್ಸಿದ್ದೇ ಅವನ ಜೊತೆ ಉಳಿದಳೆಂದು ಇಷ್ಟು ವರ್ಷ ನಾನೂ ಅಂದುಕೊಂಡಿದ್ದೆ ಎಂದು, ನಾವು ಇಳಿಯುವ ಮಣ್ಣಗುಡ್ಡ ಬರುವವರೆಗೂ ಅವಳಿಗೆ ಹೇಳಲಾಗಲಿಲ್ಲ.