ಚೆಂಡು ಯಾರದೆಂದು ಮೊದಲೇ ಹೇಳಿಕೊಡಿ

ಕ್ಲಬ್ಬಿನ ತರಬೇತಿ ಸಮಿತಿಯ ಅಧ್ಯಕ್ಷರೇ,

ಕಾರ್ನರ್ ಕಿಕ್, ಫ್ರೀ ಕಿಕ್‌ಗಳ ಅಭ್ಯಾಸವನ್ನು ನೀವು ಈ ವರ್ಷವೂ ‘ಸಮಯ ಉಳಿದರೆ’ ಎಂಬ ಸಾಲಿಗೆ ತಳ್ಳಿದ್ದೀರಿ. ಸಮಯ ಯಾವತ್ತು ಉಳಿದಿದೆ, ಮಾನ್ಯರೇ? ನನ್ನ ತಮ್ಮ ನಿಮ್ಮ ಗೋಲ್‌ಕೀಪರ್ ಆಗಿದ್ದಾಗಲೂ ಉಳಿಯಲಿಲ್ಲ. ಈಗ ಅವನ ಮಗಳು ನಿಮ್ಮ ಹುಡುಗಿಯರ ತಂಡದ ಗೋಲ್‌ಕೀಪರ್. ಬರುವ ಭಾನುವಾರ ಅವಳ ಮೊದಲ ಪಂದ್ಯ. ಅದಕ್ಕೇ ಈ ಕಾಗದ. ನೆಂಟರಿಷ್ಟರಿಗಷ್ಟೇ ಬರೆದು ರೂಢಿಯಾದ ಕೈ, ಒರಟಾಗಿದ್ದರೆ ಸಹಿಸಿಕೊಳ್ಳಿ.

ಸಭೆಯಲ್ಲಿ ನಿಮ್ಮ ಭಾಷಣ ಕೇಳಿದೆ. ‘ಆಟವೆಂದರೆ ಹರಿಯುವ ನೀರು. ನಿಲ್ಲಿಸಿ ಒದೆಯುವ ಚೆಂಡಿಗೆ ಕಸರತ್ತು ಮಾಡಿಸುವುದು ಗುಮಾಸ್ತರ ಕೆಲಸ’ ಎಂದಿರಿ. ಚಪ್ಪಾಳೆ ಬಿತ್ತು. ಸೊಗಸಾದ ಮಾತು, ನಾನೂ ತಲೆದೂಗಿದೆ. ಆದರೆ ಆ ಹರಿಯುವ ನೀರು ಪಂದ್ಯದಲ್ಲಿ ಮತ್ತೆ ಮತ್ತೆ ನಿಲ್ಲುತ್ತದಲ್ಲ? ರೆಫ್ರಿ ಸೀಟಿ ಊದುತ್ತಾರೆ, ಚೆಂಡು ಮೂಲೆಯಲ್ಲಿ ಕೂರುತ್ತದೆ, ಎಲ್ಲರೂ ಗೋಲಿನ ಮುಂದೆ ಒತ್ತೊತ್ತಾಗಿ ನಿಂತು ಕಾಯುತ್ತಾರೆ. ಯಾರು ಎಲ್ಲಿ ನಿಲ್ಲಬೇಕು, ಯಾರು ಹಾರಬೇಕು ಎಂದು ಮೊದಲೇ ಗೊತ್ತುಮಾಡಿಟ್ಟುಕೊಳ್ಳಬಹುದಾದ ಗಳಿಗೆ ಇಡೀ ಆಟದಲ್ಲಿ ಅದೊಂದೇ. ಅದನ್ನೇ ದೇವರ ಮೇಲೆ ಭಾರ ಹಾಕಿ ಬಿಡುವುದು ಯಾವ ಸೀಮೆಯ ಕಲೆ?

ನಿಮ್ಮಲ್ಲಿ ಗೋಲ್‌ಕೀಪರ್‌ಗಳಿಗೆ ಕ್ಲಬ್ಬಿನ ಕಟ್ಟಡದ ಹಿಂದೆ ಬೇರೆ ಅಭ್ಯಾಸ, ಡಿಫೆಂಡರ್‌ಗಳಿಗೆ ಮೈದಾನದಲ್ಲಿ ಬೇರೆ. ಅವರಿಬ್ಬರೂ ಒಂದೇ ಚೆಂಡಿನ ಕೆಳಗೆ ನಿಲ್ಲುವುದು ಪಂದ್ಯದ ದಿನವೇ. ಹಾಗೆ ನಿಂತ ಒಂದು ದಿನ ಮೂಲೆಯಿಂದ ಚೆಂಡು ಬಂತು. ನನ್ನ ತಮ್ಮ ‘ನಂದು!’ ಎಂದು ಕೂಗಿ ಹಾರಿದ. ಲಂಬು ಎಂದು ಎಲ್ಲರೂ ಕರೆಯುವ ಡಿಫೆಂಡರ್, ತಮ್ಮನ ಜೀವದ ಗೆಳೆಯ, ಅವನೂ ಅದೇ ಗಳಿಗೆಗೆ ‘ನಂದು!’ ಎಂದು ಕೂಗಿ ಹಾರಿದ. ಇಬ್ಬರಿಗೂ ಅವರವರ ತರಬೇತುದಾರರು ಕಲಿಸಿದ್ದು ಅದನ್ನೇ. ತಲೆಗೆ ತಲೆ ಬಡಿದ ಸದ್ದು ಹಿಂದಿನ ಸಾಲಿನಲ್ಲಿ ಕೂತ ನನಗೂ ಕೇಳಿಸಿತು. ಚೆಂಡು ಯಾರಿಗೂ ಸಿಗದೆ ಗೋಲಿನೊಳಗೆ ಉರುಳಿತು. ನೀವದನ್ನು ದುರದೃಷ್ಟ ಎಂದಿರಿ.

ಲಂಬು ಎದ್ದ. ನನ್ನ ತಮ್ಮನೂ ಎದ್ದ, ಆದರೆ ಪೂರ್ತಿ ಏಳಲಿಲ್ಲ. ಉಣ್ಣುತ್ತಾನೆ, ನಗುತ್ತಾನೆ, ಅಕ್ಕಾ ಎಂದು ಕರೆಯುತ್ತಾನೆ. ಅಡುಗೆಮನೆಯಲ್ಲಿ ತಟ್ಟೆ ಬಿದ್ದರೆ ಸಾಕು, ಕುರ್ಚಿಯಿಂದ ಚಿಮ್ಮಿ ಎರಡೂ ಕೈ ಮೇಲೆತ್ತಿ ‘ನಂದು!’ ಎನ್ನುತ್ತಾನೆ. ಲಂಬು ಈಗಲೂ ಬಂದು ಅವನ ಪಕ್ಕ ಕೂರುತ್ತಾನೆ. ಅಂಥ ಹೊತ್ತಿನಲ್ಲಿ ಅವನ ಭುಜ ಹಿಡಿದು, ‘ನಿಂದೇ ಕಣೋ, ನಿಂದೇ. ನಾನು ಬರಲ್ಲ, ಹಿಡ್ಕೋ’ ಎನ್ನುತ್ತಾನೆ. ಆ ಮಾತು ಹೊರಡಬೇಕಾಗಿದ್ದ ಜಾಗ ನಮ್ಮ ಮನೆಯಲ್ಲ, ಮಾನ್ಯರೇ.

ಮೊನ್ನೆ ಹುಡುಗಿಯ ಆಟದಂಗಿಗೆ ನಂಬರು ಹೊಲಿಯುತ್ತ ಕೇಳಿದೆ, ‘ಕಾರ್ನರ್ ಬಂದ್ರೆ ಯಾರು ಹೋಗ್ಬೇಕು ಅಂತ ಹೇಳ್ಕೊಟ್ಟಿದ್ದಾರೇನೇ?’

‘ಯಾರು ಜೋರಾಗಿ ಕಿರುಚ್ತಾರೋ ಅವ್ರು! ನನ್ ಗಂಟಲು ಗೊತ್ತಲ್ಲ ಅತ್ತೆ, ಪಕ್ಕದ ಬೀದಿಯವ್ರೂ ಬಾಲ್ ಬಿಟ್ಟು ಓಡ್ತಾರೆ’ ಎಂದು ನಕ್ಕಳು.

ನಗುತ್ತಲೇ ಹಿತ್ತಲಿಗೆ ಹೋಗಿ ಗೋಡೆಗೆ ಚೆಂಡೆಸೆದು ಹಿಡಿಯತೊಡಗಿದಳು. ‘ನಂದು!’ ಎಂದು ಕೂಗಿದಳು. ಅದೇ ಉಸಿರಿಗೆ ಒಳಕೋಣೆಯಿಂದ ‘ನಂದು!’ ಎಂದು ಅವಳಪ್ಪನ ದನಿ. ಹುಡುಗಿಯ ಕೈ ಮೇಲೆತ್ತಿದಂತೆಯೇ ನಿಂತುಬಿಟ್ಟಿತು. ಚೆಂಡು ಅವಳ ಪಕ್ಕದಲ್ಲಿ ಬಿದ್ದು ತನ್ನಷ್ಟಕ್ಕೆ ಪುಟಿಯುತ್ತಿತ್ತು. ಎರಡು ದನಿ, ಒಂದು ಚೆಂಡು. ನಾನು ಅದನ್ನು ಹಿಂದೊಮ್ಮೆ ಕೇಳಿದ್ದೇನೆ.

ನನ್ನ ಬೇಡಿಕೆ ಇಷ್ಟೆ. ನಾಳೆಯಿಂದಲೇ, ಮಕ್ಕಳ ಕಾಲು ಸೋತ ಮೇಲಲ್ಲ, ಅಭ್ಯಾಸದ ಮೊದಲಿಗೇ, ಕೀಪರನ್ನೂ ಡಿಫೆಂಡರ್‌ಗಳನ್ನೂ ಒಂದೇ ಗೋಲಿನ ಮುಂದೆ ನಿಲ್ಲಿಸಿ. ಮೂಲೆಯಿಂದ ಚೆಂಡು ಹಾಕಿಸಿ. ಕೀಪರ್ ಕೂಗಿದರೆ ಉಳಿದವರು ‘ನಿಂದು’ ಎಂದು ಹಿಂದೆ ಸರಿಯುವುದು ಮೈಗೆ ಹತ್ತುವ ತನಕ ಮಾಡಿಸಿ. ನಿಮ್ಮ ನೀರು ಆಮೇಲೆ ಎಷ್ಟು ಬೇಕಾದರೂ ಹರಿಯಲಿ.

ನಿಮ್ಮ ತರಬೇತುದಾರರಿಗೆ ಪುರುಸೊತ್ತಿಲ್ಲವಾದರೆ ಲಂಬುವನ್ನು ಕರೆಯಿರಿ. ‘ನಿಂದು’ ಎನ್ನುವುದು ಅವನಿಗೆ ಈಗ ಚೆನ್ನಾಗಿ ಬರುತ್ತದೆ.

ಇಂತಿ,
ಅಂದು ಅಪ್ಪನಿಗೆ ಹೊಲಿದ ಒಂದನೇ ನಂಬರನ್ನು ಇಂದು ಮಗಳ ಅಂಗಿಗೆ ಹೊಲಿಯುತ್ತಿರುವ,
ಒಬ್ಬ ಗೋಲ್‌ಕೀಪರನ ಅಕ್ಕ, ಇನ್ನೊಬ್ಬಳ ಅತ್ತೆ