ಮಾವನವರ ಕ್ಷೌರದ ಕತ್ತಿ

ಅಗ್ರಹಾರ, ಮೈಸೂರು
9 ನವೆಂಬರ್ 2025, ಭಾನುವಾರ ಮಧ್ಯಾಹ್ನ

ಮಹೇಶ್ ಅವರಿಗೆ ಸುಷ್ಮಾಳ ನಮಸ್ಕಾರ.

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಹೊಡೆದದ್ದು ಕಾಣಿಸಿದರೆ ಕಾಣಿಸಲಿ, ಹೊಸ ಹಾಳೆ ತೆಗೆಯುವ ವ್ಯವಧಾನ ನನಗಿಲ್ಲ. ವಾಟ್ಸಾಪಿನಲ್ಲಿ ನೀಲಿ ಗೆರೆ ನೋಡಿ ನೋಡಿ ಸಾಕಾಗಿ ಕಾಗದ ಹಿಡಿದಿದ್ದೇನೆ. ಹಾಸನದ ನಿಮ್ಮ ಹೊಸ ಮನೆಯಲ್ಲಿ ಇದು ಮೊದಲು ವೇದವತಿಯವರ ಕೈಗೆ ಸಿಕ್ಕರೆ ಅವರೂ ಓದಲಿ. ಗಂಡನನ್ನು ವಾಪಸ್ಸು ಕೇಳುವ ಪತ್ರವಲ್ಲ ಇದು. ನಿಮ್ಮ ಅಪ್ಪನ ಗಡ್ಡದ ವಿಷಯ.

ನೀವು ಮನೆ ಬಿಟ್ಟ ಮೇಲೆ ಮಾವನವರ ದೃಷ್ಟಿ ಪೂರ್ತಿ ಹೋದದ್ದು ನಿಮಗೆ ಗೊತ್ತು. ಈಗ ಕೈಯೂ ನಡುಗುತ್ತದೆ. ಸಲೂನಿನವರನ್ನು ಮನೆಗೇ ಕರೆಸುತ್ತೇನೆಂದರೆ ಒಪ್ಪಲಿಲ್ಲ. ಅಪ್ಪನ ಕೈ ಸೋತರೆ ಮಗ ಕತ್ತಿ ಹಿಡಿಯಬೇಕು, ಅದು ನಿಮ್ಮ ಮನೆತನದ ಪದ್ಧತಿಯಂತೆ. ಅವರೂ ಅವರಪ್ಪನಿಗೆ ಹಾಗೇ ಮಾಡಿದ್ದರಂತೆ. ನಾನೇ ಮಾಡಲಾ ಮಾವ ಎಂದು ಕೇಳಿದ್ದಕ್ಕೆ, “ಸೊಸೆ ಕೈಲಿ ಮುಖ ಕೆರೆಸ್ಕೊಳ್ಳೋದಾ? ಮಹೇಶ ಬರ್ಲಿ ಬುಡು” ಎಂದು ಗದರಿದರು. ದಿನವೂ ನುಣ್ಣಗೆ ಕ್ಷೌರ ಮಾಡಿಕೊಂಡು ಅಂಗಡಿಗೆ ಹೋಗುತ್ತಿದ್ದ ಮನುಷ್ಯನ ಗಡ್ಡದಲ್ಲಿ ಸಾರಿನ ಅನ್ನ ಸಿಕ್ಕಿಕೊಳ್ಳುತ್ತಿತ್ತು. ಒರೆಸಲು ಹೋದರೆ ನಾಚಿಕೆಯಿಂದ ಮುಖ ತಿರುಗಿಸುತ್ತಿದ್ದರು. ನೋಡಲಾಗುತ್ತಿರಲಿಲ್ಲ ಕಣ್ರೀ.

ಆಯುಧಪೂಜೆಯ ದಿನ ಆ ಕತ್ತಿ ತೆಗೆದರೆ ಬಿಚ್ಚಿಕೊಳ್ಳಲೇ ಇಲ್ಲ. ನಿಮ್ಮ ಮುತ್ತಜ್ಜನ ಕಾಲದ ಸೀಮೆ ಉಕ್ಕು, ಕೊಂಬಿನ ಹಿಡಿ. ಕಣ್ಣು ಮಂಜಾದಾಗ ಮಾವನವರು ಸೇಫ್ಟಿ ರೇಜರ್ ಹಿಡಿದರಲ್ಲ, ಅಂದಿನಿಂದ ಅದು ಪೆಟ್ಟಿಗೆಯಿಂದ ಹೊರಗೆ ಬಂದದ್ದು ಪೂಜೆಗೆ ಮಾತ್ರ. ಮೊದಲು ಅತ್ತೆ, ಅವರು ಹೋದ ಮೇಲೆ ನಾನು, ಒದ್ದೆ ವಿಭೂತಿಯಲ್ಲಿ ಮೂರು ಗೆರೆ ಎಳೆದು, ಕುಂಕುಮ ಇಟ್ಟು, ಹಾಗೇ ಮಡಚಿ ಒಳಗಿಡುತ್ತಿದ್ದೆವು. ಪೂಜೆಯಾದದ್ದನ್ನು ಒರೆಸಬಾರದು ಎಂದು ಅತ್ತೆಯ ಕಟ್ಟಪ್ಪಣೆ. ಗೆರೆ ಎಳೆದ ಕಡೆಯೆಲ್ಲ ಉಕ್ಕನ್ನು ತುಕ್ಕು ತಿಂದುಬಿಟ್ಟಿದೆ. ಭಕ್ತಿಯಿಂದಲೇ ಹಾಳು ಮಾಡಿದ್ದೇವೆ. ಮದುವೆಯೊಂದನ್ನು ಹಾಗೆ ಹಾಳು ಮಾಡಬಹುದೇ ಎಂದು ಆವತ್ತು ಅಂಗಳದಲ್ಲಿ ಕೂತು ಯೋಚಿಸಿದೆ.

ಹೊಲಿಗೆ ಮೆಷಿನ್ನಿನ ಎಣ್ಣೆ ಬಿಟ್ಟು ಕೀಲು ಸಡಿಲಿಸಿದೆ. ಸಣ್ಣ ಸ್ಯಾಂಡ್ ಪೇಪರಿನಲ್ಲಿ ಉಜ್ಜಿದೆ. ಎಷ್ಟು ಉಜ್ಜಿದರೂ ಆ ಮೂರು ಗೆರೆಗಳ ಗುಳಿ ಹೋಗಲಿಲ್ಲ. ಪುಣ್ಯಕ್ಕೆ ಅಂಚಿನವರೆಗೆ ಇಳಿದಿರಲಿಲ್ಲ. ಮಸೆಯುವುದನ್ನು ಮಾವನವರೇ ಕೂತು ಹೇಳಿಕೊಟ್ಟರು, ಬರೀ ಸದ್ದು ಕೇಳಿಕೊಂಡು. “ಒತ್ತಬೇಡ ಕಣಮ್ಮ, ಕತ್ತಿ ತೂಕಾನೇ ಸಾಕು” ಎನ್ನುವರು. ಕಡೆಯಲ್ಲಿ ಅಂಚನ್ನು ಎಳೆದು ನಯಮಾಡಲು ಚರ್ಮದ ಪಟ್ಟಿ ಬೇಕಿತ್ತು, ನೀವು ಬಿಟ್ಟುಹೋದ ಬೆಲ್ಟು ಒದಗಿತು. ಅದಾದರೂ ಮನೆಯಲ್ಲಿ ಉಳಿಯಿತಲ್ಲ. ಹರಿತ ನೋಡಲು ಬಲೂನಿಗೆ ಸೋಪಿನ ನೊರೆ ಹಚ್ಚಿ ಕೆರೆದೆ. ಢಬ್ಬೆಂದು ಒಡೆಯುವ ಸದ್ದಿಗೆ ಪಕ್ಕದ ಮನೆ ವಸಂತಮ್ಮ ಬಂದು, “ಯಾರದ್ದೇ ಬರ್ತ್‌ಡೇ?” ಎಂದು ಕೇಳಿದರು. ಬಲೂನು ಒಡೆಯದೆ ಉಳಿದ ದಿನವೇ ನಿಮಗೆ ಫೋನ್ ಮಾಡಿದ್ದು. ಭಾನುವಾರ ಬರುತ್ತೇನೆ ಎಂದಿರಿ. ಸ್ಪೀಕರಿನಲ್ಲಿ ಮಾವನವರೂ ಕೇಳಿಸಿಕೊಂಡರು.

ಇವತ್ತು ಸ್ನಾನ, ಲಿಂಗಪೂಜೆ ಮುಗಿಸಿ, ಕುತ್ತಿಗೆಗೆ ಟವೆಲ್ಲು ಸುತ್ತಿಸಿಕೊಂಡು ಪಡಸಾಲೆಯ ಕುರ್ಚಿಯಲ್ಲಿ ಕೂತರು. ತಿಂಡಿಯ ಹೊತ್ತಿಗೆ ನಿಮ್ಮ ಮೆಸೇಜು ಬಂತು, ಈ ವಾರ ಆಗುವುದಿಲ್ಲ ಎಂದು. ಹೇಳಲು ಬಾಯಿ ಬರಲಿಲ್ಲ. ಅಷ್ಟರಲ್ಲಿ ಯಾರದೋ ಸ್ಕೂಟರು ಬಾಗಿಲ ಮುಂದೆ ನಿಂತಿತು. ಮಾವನವರು ಮುಖವೆತ್ತಿ, “ಬಂದ್ಯೇನೋ ಮಹೇಶಾ?” ಎಂದರು. ಆ ಮುಖ ನೀವು ನೋಡಬೇಕಿತ್ತು.

ಇಲ್ಲ ಎನ್ನಲಾಗಲಿಲ್ಲ. ಒಳಗೆ ಹೋಗಿ ಬಳೆ ಬಿಚ್ಚಿಟ್ಟೆ. ನಿಮ್ಮ ಹಳೆಯ ಶರ್ಟು ಹಾಕಿಕೊಂಡು ಬಂದೆ. ಮೊದಲು ಕತ್ತರಿಯಾಡಿಸಿ, ಬಿಸಿನೀರಿನ ಬಟ್ಟೆ ಇಟ್ಟು, ನೊರೆ ಹಚ್ಚಿ, ಒಂದು ಮಾತೂ ಆಡದೆ ಕತ್ತಿ ಹಿಡಿದೆ. ನೀವು ಅವರ ಹತ್ತಿರ ಮಾತು ಬಿಟ್ಟವರಲ್ಲವೇ, ಮೌನವೇ ನನ್ನ ನೆರವಿಗೆ ಬಂತು. ನಿಮ್ಮ ಗದ್ದದ ಕುಳಿ ಅವರಿಗೂ ಇದೆ. ನೊರೆಯ ಕೆಳಗಿಂದ ಅದು ಕಂಡಾಗ ನನಗೆ ಅಳು ತಡೆಯಲಾಗಲಿಲ್ಲ.

ಆಗ ಅವರು ಮಾತಾಡಿದರು. ಅದು ನಿಮಗೆ ಸೇರಬೇಕಾದ ಮಾತು, ನಾನು ಇಟ್ಟುಕೊಳ್ಳುವುದು ತಪ್ಪು. ಅದಕ್ಕೇ ಈ ಪತ್ರ. ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ: “ನಂಗೆ ಯಾರ ಮೇಲೂ ಕೋಪ ಇಲ್ಲ ಕಣಪ್ಪ. ಆದ್ರೆ ಆ ಹುಡುಗಿ ದಿನಾ ಬಾಗ್ಲು ತೆಗೆದಿಟ್ಕೊಂಡು ಕೂತಿರ್ತಾಳೆ. ಬರೋರು ಬರ್ಬೇಕು, ಇಲ್ದಿದ್ರೆ ಕಾಯೋದು ಬುಟ್ಬುಡ್ಬೇಕು. ನನ್ನ ನೋಡ್ಕೋಬೇಕು ಅಂತ ಅವಳು ಇಲ್ಲಿ ಸವೀಬಾರ್ದು. ಎಲ್ಲಿ ಹೋದ್ರೂ ಅವಳು ನನ್ನ ಮಗಳೇ.”

ಮುಗಿದ ಮೇಲೆ ಕೆನ್ನೆ ಸವರಿಕೊಂಡರು.

ಮುಂದಿನ ಭಾನುವಾರ ಬನ್ನಿ. ದಮ್ಮಯ್ಯ ಅನ್ನುತ್ತೇನೆ. ಇನ್ನೊಂದು ಸಲ ನಿಮ್ಮ ಹಾಗೆ ನಟಿಸುವ ಶಕ್ತಿ ನನಗಿಲ್ಲ. ನನ್ನ ಮುಖ ನೋಡಲು ಮುಜುಗರವಾದರೆ ನಾನು ಯಾದವಗಿರಿಗೆ ಅಕ್ಕನ ಮನೆಗೆ ಹೋಗಿರುತ್ತೇನೆ. ಬಿಸಿನೀರು ಕಾಯಿಸಿಟ್ಟು ಹೋಗುತ್ತೇನೆ. ಬಾಗಿಲು ತೆಗೆದೇ ಇರುತ್ತದೆ.

ಇನ್ನೂ ನಿಮ್ಮವಳೇ ಅಂದುಕೊಂಡಿರುವ,
ಸುಷ್ಮಾ

ತಾ.ಕ.: ಸೋಮವಾರ ಬೆಳಿಗ್ಗೆ. ಪತ್ರ ಅಂಟಿಸುವ ಮೊದಲು ಇದನ್ನು ಸೇರಿಸುತ್ತಿದ್ದೇನೆ. ಈಗ ಕಾಫಿ ಕೊಡಲು ಹೋದಾಗ ಮಾವನವರು ಲೋಟ ತೆಗೆದುಕೊಂಡು, “ನೆನ್ನೆ ಎಡಗಿವಿ ಕೆಳಗೆ ಒಂಚೂರು ಬುಟ್ಬುಟ್ಟಿದ್ದೀಯ ಕಣಮ್ಮ. ಮುಂದಿನ ಸಲ ಗಮನ ಇಟ್ಟು ಮಾಡು” ಎಂದರು. ಮೇಲೆ ಬರೆದಿರುವ ಆ ಮಾತು ನಿಮಗೆ ಹೇಳಿದ್ದಲ್ಲ. ಭಾನುವಾರ ನೀವು ಬರುವುದು ಬೇಡ.